ಎಸ್ಟೋನಿಯಾದ ಇ-ರೆಸಿಡೆನ್ಸಿ: ಕಂಪನಿ ಹುಟ್ಟುವುದು ಸುಲಭ, ಬ್ಯಾಂಕ್ ಖಾತೆ ಹುಟ್ಟುವುದು ಕಷ್ಟ

ಕೂತಲ್ಲಿಂದಲೇ ಯುರೋಪಿನಲ್ಲಿ ಕಂಪನಿ ತೆರೆಯಬಹುದು ಎಂಬ ಮಾತು ಎಸ್ಟೋನಿಯಾದ ಮಟ್ಟಿಗೆ ಸುಳ್ಳಲ್ಲ. ವಿದೇಶಿಯರಿಗೆ ಎಸ್ಟೋನಿಯಾದ ಡಿಜಿಟಲ್ ಗುರುತಿನ ಕಾರ್ಡ್ ಕೊಡುವ, 2014ರ ಡಿಸೆಂಬರ್ 1ರಂದು ಶುರುವಾದ ಇ-ರೆಸಿಡೆನ್ಸಿ ಯೋಜನೆಯಲ್ಲಿ ಇದುವರೆಗೆ ಲಕ್ಷಕ್ಕೂ ಹೆಚ್ಚು ಜನ ಕಾರ್ಡ್ ಪಡೆದಿದ್ದಾರೆ. ಸರ್ಕಾರದ ಕಡೆಯ ಕೆಲಸ ಅಚ್ಚುಕಟ್ಟಾಗಿ ನಡೆಯುತ್ತದೆ, ಅದಕ್ಕೆ ಐದರಲ್ಲಿ ಐದು ಅಂಕ ಕೊಡಬಹುದು. ಆದರೆ ಸರ್ಕಾರದ ಹೊಸ್ತಿಲು ದಾಟಿ ಬ್ಯಾಂಕು, ವ್ಯಾಟ್, ನೀವು ವಾಸವಿರುವ ದೇಶದ ತೆರಿಗೆ ಇಲಾಖೆ ಅಂತ ಹೊರಟರೆ ಆ ಅಂಕ ಮೂರಕ್ಕೆ ಇಳಿಯುತ್ತದೆ. ಈ ಎರಡನ್ನೂ ಒಂದೇ ಎಂದುಕೊಂಡವರೇ ಹೆಚ್ಚಾಗಿ ದುಡ್ಡು ಕಳೆದುಕೊಳ್ಳುವುದು.

ಮೊದಲಿಗೆ ಕಾರ್ಡ್ ಅಂದರೆ ಏನಲ್ಲ ಎಂಬುದು ಸ್ಪಷ್ಟವಿರಲಿ. ಅದು ವೀಸಾ ಅಲ್ಲ, ಪೌರತ್ವ ಅಲ್ಲ, ತೆರಿಗೆ ನಿವಾಸವೂ ಅಲ್ಲ. ಅದರ ಮೇಲೆ ನಿಮ್ಮ ಫೋಟೋ ಕೂಡ ಇರುವುದಿಲ್ಲ, ಗಡಿಯಲ್ಲಿ ತೋರಿಸಿದರೆ ಯಾರೂ ಒಳಗೆ ಬಿಡುವುದಿಲ್ಲ. ಎಸ್ಟೋನಿಯಾದ ಸರ್ಕಾರಿ ವ್ಯವಸ್ಥೆಗೆ ಲಾಗಿನ್ ಆಗಲು ಮತ್ತು ಕಾನೂನಿನ ಮಾನ್ಯತೆ ಇರುವ ಡಿಜಿಟಲ್ ಸಹಿ ಹಾಕಲು ಕೊಡುವ ಕೀಲಿಕೈ ಅದು, ಅಷ್ಟೇ. ಕಂಪನಿ ನೋಂದಣಿ ಅದರ ನಂತರದ, ಬೇರೆಯದೇ ಹೆಜ್ಜೆ. ಅದಕ್ಕೆ ಶುಲ್ಕವೂ ಬೇರೆ.

ಕಾರ್ಡಿನ ಅರ್ಜಿ ಆನ್‌ಲೈನ್‌ನಲ್ಲೇ. ಪಾಸ್‌ಪೋರ್ಟಿನ ಪ್ರತಿ, ಫೋಟೋ, ಏಕೆ ಬೇಕು ಎಂಬ ವಿವರಣೆ ಮತ್ತು ಶುಲ್ಕ. ಶುಲ್ಕ ನೂರು ಯೂರೋ ದಾಟಿದೆ, ಆಗಾಗ ಏರುತ್ತಲೂ ಇದೆ; ಅರ್ಜಿ ತಿರಸ್ಕೃತವಾದರೆ ವಾಪಸ್ ಬರುವುದಿಲ್ಲ. ಪರಿಶೀಲನೆ ಮಾಡುವುದು ಅಲ್ಲಿನ ಪೊಲೀಸ್ ಮತ್ತು ಗಡಿ ರಕ್ಷಣಾ ಮಂಡಳಿ, ಹಾಗಾಗಿ ವಿವರಣೆಯ ಜಾಗದಲ್ಲಿ 'ಎಸ್ಟೋನಿಯಾ ನನಗೆ ಇಷ್ಟ' ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಏನು ಮಾರುತ್ತೀರಿ, ಯಾರಿಗೆ ಮಾರುತ್ತೀರಿ, ದುಡ್ಡು ಎಲ್ಲಿಂದ ಬರುತ್ತದೆ ಎಂದು ನಾಲ್ಕು ಸಾಲಿನಲ್ಲಿ ನೇರವಾಗಿ ಬರೆದರೆ ಮತ್ತೆ ಪ್ರಶ್ನೆ ಬರುವುದು ಕಡಿಮೆ. ನಿರ್ಧಾರಕ್ಕೆ ತಿಂಗಳವರೆಗೆ ಹಿಡಿಯಬಹುದು. ಆಮೇಲೆ ಕಾರ್ಡ್ ನೀವು ಆರಿಸಿದ ರಾಯಭಾರ ಕಚೇರಿಗೆ ಅಥವಾ ವಿತರಣಾ ಕೇಂದ್ರಕ್ಕೆ ಹೋಗುತ್ತದೆ, ಅದಕ್ಕೆ ಇನ್ನಷ್ಟು ವಾರ. ಅಲ್ಲಿಗೆ ನೀವೇ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು. ಬೇರೆಯವರನ್ನು ಕಳಿಸುವಂತಿಲ್ಲ, ಅಂಚೆಯಲ್ಲಿ ತರಿಸುವಂತಿಲ್ಲ. ಇಡೀ ಪ್ರಕ್ರಿಯೆಯಲ್ಲಿ ನೀವು ಕುರ್ಚಿ ಬಿಟ್ಟು ಏಳಬೇಕಾದ ಸಂದರ್ಭ ಇದೊಂದೇ. ಅರ್ಜಿ ತುಂಬುವಾಗ ಯಾವ ಕೇಂದ್ರ ಎಂದು ಲೆಕ್ಕ ಹಾಕಿ ಆರಿಸಿ. ಆಮೇಲೆ ಬದಲಾಯಿಸಲು ಹೊರಟರೆ ಎಲ್ಲ ವೇಳಾಪಟ್ಟಿಯೂ ಹಿಂದೆ ಬೀಳುತ್ತದೆ.

ಪೊಟ್ಟಣದಲ್ಲಿ ಮೂರು ವಸ್ತುಗಳು: ಕಾರ್ಡ್, ಯುಎಸ್‌ಬಿಗೆ ಚುಚ್ಚುವ ಪುಟ್ಟ ರೀಡರ್, ಮುಚ್ಚಿದ ಲಕೋಟೆ. ಲಕೋಟೆಯೊಳಗೆ ನಾಲ್ಕಂಕಿಯ ಪಿನ್ 1, ಐದಂಕಿಯ ಪಿನ್ 2, ಎಂಟಂಕಿಯ ಪಕ್ ಸಂಖ್ಯೆ. ಪಿನ್ 1 ಲಾಗಿನ್ ಆಗಲು, ಪಿನ್ 2 ಸಹಿ ಹಾಕಲು. ಈ ವ್ಯತ್ಯಾಸ ಕ್ಷುಲ್ಲಕ ಅನ್ನಿಸಬಹುದು, ಆದರೆ ಪಿನ್ 2 ಒತ್ತುವುದೆಂದರೆ ಕಾಗದದ ಮೇಲೆ ಪೆನ್ನಿನಲ್ಲಿ ಸಹಿ ಮಾಡಿದ ಹಾಗೆಯೇ. ಐರೋಪ್ಯ ಒಕ್ಕೂಟದ ಎಲ್ಲೆಡೆ ಅದಕ್ಕೆ ಕೈಸಹಿಯ ಬೆಲೆ. ಯಾವುದಾದರೂ ಪರದೆ ಪಿನ್ 2 ಕೇಳಿತೆಂದರೆ ಕೈ ತಡೆದು, ಏನಕ್ಕೆ ಸಹಿ ಹಾಕುತ್ತಿದ್ದೇನೆ ಎಂದು ಓದಿ. ಮೂರು ಸಲ ತಪ್ಪು ಒತ್ತಿದರೆ ಆ ಪಿನ್ ಮುಚ್ಚಿಕೊಳ್ಳುತ್ತದೆ, ಪಕ್ ಹಾಕಿ ತೆರೆಯಬೇಕು. ಪಕ್ ಕೂಡ ತಪ್ಪಿದರೆ ಮತ್ತೆ ಕೌಂಟರ್ ಮುಂದೆ ನಿಲ್ಲಬೇಕು. ಲಕೋಟೆಯನ್ನು ಕಾರ್ಡಿನ ಜೊತೆಗೇ ರಬ್ಬರ್ ಬ್ಯಾಂಡ್ ಹಾಕಿ ಇಡುವವರಿಗೆ ಏನು ಹೇಳೋಣ!

ಭದ್ರತೆ ವಿಷಯಕ್ಕೆ ಒಂದು ಮಾತು. 2017ರಲ್ಲಿ ಈ ಕಾರ್ಡುಗಳ ಚಿಪ್‌ನಲ್ಲಿ ದೋಷ ಪತ್ತೆಯಾಗಿ, ನವೆಂಬರ್‌ನಲ್ಲಿ ಸುಮಾರು 7.6 ಲಕ್ಷ ಕಾರ್ಡುಗಳ ಪ್ರಮಾಣಪತ್ರಗಳನ್ನು ಸರ್ಕಾರ ತಡೆಹಿಡಿದಿತ್ತು. ಮುಚ್ಚಿಟ್ಟುಕೊಳ್ಳದೆ ಹೇಳಿ, ದೂರದಿಂದಲೇ ನವೀಕರಿಸಲು ದಾರಿ ಮಾಡಿಕೊಟ್ಟಿದ್ದು ಅದರ ಹೆಗ್ಗಳಿಕೆ. ಆದರೆ ತುರ್ತು ಸಹಿ ಬೇಕಿದ್ದ ದಿನವೇ ಕಾರ್ಡ್ ಸತ್ತರೆ ಏನು ಗತಿ ಎಂಬ ಪ್ರಶ್ನೆ ಉಳಿಯುತ್ತದೆ. ಇಬ್ಬರು ಪಾಲುದಾರರಿದ್ದರೆ ಇಬ್ಬರೂ ಆಡಳಿತ ಮಂಡಳಿ ಸದಸ್ಯರಾಗಿ, ಒಬ್ಬೊಬ್ಬರೇ ಸಹಿ ಹಾಕುವ ಅಧಿಕಾರ ಇಟ್ಟುಕೊಳ್ಳುವುದು ಇಂಥ ಹೊತ್ತಿಗೆ ಆಗಿಬರುತ್ತದೆ.

ಈಗ ಕಂಪನಿ. ಸ್ಟಾರ್ಟಪ್‌ಗಳು ತೆರೆಯುವುದು ಸಾಮಾನ್ಯವಾಗಿ 'ಒಸಾಯುಹಿಂಗ್', ಅಂದರೆ ನಮ್ಮ ಬಾಯಲ್ಲಿ ಪ್ರೈವೇಟ್ ಲಿಮಿಟೆಡ್. ಇ-ಬಿಸಿನೆಸ್ ರಿಜಿಸ್ಟರ್ ಎಂಬ ಪೋರ್ಟಲ್‌ಗೆ ಕಾರ್ಡ್ ಚುಚ್ಚಿ ಪಿನ್ 1 ಹಾಕಿ ಒಳಹೊಕ್ಕರೆ ಮೊದಲು ಕೇಳುವುದು ಹೆಸರು. ನೀವು ಅಕ್ಷರ ಹೊಡೆಯುತ್ತಿದ್ದಂತೆ ಅದೇ ತರಹದ ಹೆಸರಿನ ಕಂಪನಿಗಳು, ಟ್ರೇಡ್‌ಮಾರ್ಕ್‌ಗಳು ಪಟ್ಟಿಯಾಗಿ ಬರುತ್ತವೆ. ಪಟ್ಟಿ ಖಾಲಿಯಿದ್ದರೆ ಸಲೀಸು. ಒಂದಕ್ಷರದ ವ್ಯತ್ಯಾಸವಿಟ್ಟು ನುಸುಳಲು ನೋಡಿದರೆ ರಿಜಿಸ್ಟ್ರಾರ್ ಅರ್ಜಿಯನ್ನು ಹಿಂದಿರುಗಿಸುತ್ತಾರೆ, ಅಲ್ಲಿಗೆ ಒಂದು ವಾರ ಹೋಯಿತು. ಆಮೇಲೆ ಎಮ್ಟಾಕ್ ಎಂಬ ಚಟುವಟಿಕೆ ಸಂಕೇತ. ಇದನ್ನು ಕಾಟಾಚಾರಕ್ಕೆ ಆರಿಸುವವರೇ ಹೆಚ್ಚು. ಮುಂದೆ ಬ್ಯಾಂಕಿನವರು ಮೊದಲು ನೋಡುವುದೇ ಅದನ್ನು: ಸಂಕೇತ 'ಸಾಫ್ಟ್‌ವೇರ್ ಅಭಿವೃದ್ಧಿ' ಅನ್ನುತ್ತದೆ, ವೆಬ್‌ಸೈಟಿನಲ್ಲಿ ಹೂಡಿಕೆ ಸಲಹೆ ಮಾರಾಟಕ್ಕಿದೆ ಎಂದಾದರೆ ಅರ್ಜಿ ಅಲ್ಲಿಗೇ ನಿಂತಿತು. ಕ್ರಿಪ್ಟೋ, ಹಣಕಾಸು ಸೇವೆ ಇತ್ಯಾದಿಗೆ ಪ್ರತ್ಯೇಕ ಪರವಾನಗಿ ಬೇಕು. ಕಾರ್ಡ್ ಇದ್ದ ಮಾತ್ರಕ್ಕೆ ಅದು ಸಿಗುವುದಿಲ್ಲ.

ಆಡಳಿತ ಮಂಡಳಿ ಎಸ್ಟೋನಿಯಾದ ಹೊರಗಿದ್ದರೆ ಅಲ್ಲೊಬ್ಬ 'ಸಂಪರ್ಕ ವ್ಯಕ್ತಿ' ಬೇಕೇ ಬೇಕು. ಪರವಾನಗಿ ಪಡೆದ ಸೇವಾ ಕಂಪನಿಗಳು ವಿಳಾಸವನ್ನೂ ಸಂಪರ್ಕ ವ್ಯಕ್ತಿಯನ್ನೂ ಒಟ್ಟಿಗೆ ಕೊಡುತ್ತವೆ. ವರ್ಷಕ್ಕೆ ಸಾಮಾನ್ಯವಾಗಿ 200ರಿಂದ 400 ಯೂರೋ. ಸರ್ಕಾರದ, ಕೋರ್ಟಿನ ಪತ್ರ ಬರುವುದು ಇವರ ಕೈಗೆ. ಅಗ್ಗದ ಸೇವೆ ಹಿಡಿದರೆ ಪತ್ರ ಸ್ಕ್ಯಾನ್ ಮಾಡಿ ಕಳಿಸುವುದಕ್ಕೂ ಬೇರೆ ದರ ಹಾಕುತ್ತಾರೆ, ದರಪಟ್ಟಿಯ ಕೊನೆಯ ಸಾಲುಗಳನ್ನು ಓದಿ. ವರ್ಷ ಮುಗಿದ ಮೇಲೆ ಈ ಶುಲ್ಕ ಕಟ್ಟದಿದ್ದರೆ ಸೇವಾ ಕಂಪನಿ ತನ್ನ ಹೆಸರನ್ನು ರಿಜಿಸ್ಟರ್‌ನಿಂದ ತೆಗೆಸುತ್ತದೆ, ನಿಮ್ಮ ಕಂಪನಿ ಕಾನೂನಿನ ಕಣ್ಣಿನಲ್ಲಿ ಅರೆಬರೆಯಾಗಿ ನಿಲ್ಲುತ್ತದೆ.

ಷೇರು ಬಂಡವಾಳದ ವಿಷಯಕ್ಕೆ ಹಳೆಯ ಬರಹಗಳನ್ನು ನಂಬಬೇಡಿ. 2,500 ಯೂರೋ ಕನಿಷ್ಠ ಎಂಬ ನಿಯಮ 2023ರ ಫೆಬ್ರವರಿ 1ರಿಂದ ಇಲ್ಲ; ಈಗ ಒಂದು ಸೆಂಟ್ ಇಟ್ಟೂ ಕಂಪನಿ ತೆರೆಯಬಹುದು. ತೆರೆಯಬಹುದು ನಿಜ, ತೆರೆಯಬಾರದು. ರಿಜಿಸ್ಟರ್ ಎಲ್ಲರಿಗೂ ಪುಕ್ಕಟೆಯಾಗಿ ಕಾಣುತ್ತದೆ, ಒಂದು ಸೆಂಟ್ ಬಂಡವಾಳದ ಕಂಪನಿಗೆ ಯಾರು ಸಾಲದ ಮೇಲೆ ಸರಕು ಕೊಟ್ಟಾರು? ಹೂಡಿಕೆದಾರರನ್ನು ತರುವ ಯೋಚನೆ ಇದ್ದರಂತೂ 10,000 ಯೂರೋ ಬಂಡವಾಳವನ್ನು ಪೂರ್ತಿ ಕಟ್ಟಿ, ಷೇರು ವರ್ಗಾವಣೆಗೆ ನೋಟರಿ ಬೇಡ ಎಂಬ ಕಲಮನ್ನು ಕಂಪನಿ ನಿಯಮಾವಳಿಯಲ್ಲೇ ಸೇರಿಸಿಬಿಡುವುದು ಜಾಣತನ. 2020ರಲ್ಲಿ ಕಾನೂನು ಈ ಅವಕಾಶ ಕೊಟ್ಟಿತು. ಆ ಕಲಮು ಇಲ್ಲದಿದ್ದರೆ ಪ್ರತಿ ಷೇರು ಮಾರಾಟಕ್ಕೂ ನೋಟರಿ ಎದುರು ಹೋಗಬೇಕು, ಹತ್ತು ಮಂದಿ ಏಂಜೆಲ್ ಹೂಡಿಕೆದಾರರಿದ್ದರೆ (ಶುರುವಿನಲ್ಲೇ ಸ್ವಂತ ದುಡ್ಡು ಹಾಕುವವರು) ಪೀಕಲಾಟವನ್ನು ನೀವೇ ಊಹಿಸಿ. ಪೋರ್ಟಲ್ ಕೊಡುವ ಸಿದ್ಧ ನಿಯಮಾವಳಿ ಒಬ್ಬರೇ ನಡೆಸುವ ಕನ್ಸಲ್ಟಿಂಗ್ ಕಂಪನಿಗೆ ಸಾಕು. ಹೂಡಿಕೆ ಎತ್ತುವವರಿಗೆ ಸಾಲದು.

ಕೊನೆಗೆ ಸಂಸ್ಥಾಪಕರು, ಮಂಡಳಿ ಸದಸ್ಯರು ಎಲ್ಲರೂ ಪಿನ್ 2 ಒತ್ತಿ, 265 ಯೂರೋ ಕಟ್ಟಿದರೆ ಒಂದರಿಂದ ಐದು ಕೆಲಸದ ದಿನಗಳಲ್ಲಿ ನೋಂದಣಿ ಸಂಖ್ಯೆ ಬರುತ್ತದೆ. ಇಲ್ಲಿ ಎಡವುವುದು ಒಂದೇ ಕಡೆ: ಇಬ್ಬರು ಸಂಸ್ಥಾಪಕರಲ್ಲಿ ಒಬ್ಬರ ಕಾರ್ಡ್ ಇನ್ನೂ ಬಂದಿರುವುದಿಲ್ಲ. ಸಹಿ ಹಾಕುವವರೆಲ್ಲರಿಗೂ ಕಾರ್ಡ್ ಬೇಕು, ಇಲ್ಲವೇ ಅಧಿಕಾರಪತ್ರ ಕೊಟ್ಟು ನೋಟರಿ ದಾರಿ ಹಿಡಿಯಬೇಕು, ಅದು ದುಬಾರಿ. ಒಂದು ಸಣ್ಣ ಉಪಾಯವೂ ಇದೆ. ಮೊದಲ ಹಣಕಾಸು ವರ್ಷವನ್ನು 18 ತಿಂಗಳವರೆಗೆ ಎಳೆಯಲು ಕಾನೂನು ಒಪ್ಪುತ್ತದೆ. ಜುಲೈ ನಂತರ ತೆರೆದ ಕಂಪನಿ ಮುಂದಿನ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸಿದರೆ ಒಂದು ವಾರ್ಷಿಕ ವರದಿಯ ಖರ್ಚು ಉಳಿಯಿತು.

ಇಲ್ಲಿಯವರೆಗೆ ಹೊಗಳಿಕೆ. ಇನ್ನು ಬ್ಯಾಂಕ್.

ಇ-ರೆಸಿಡೆನ್ಸಿ ಇದ್ದರೆ ಎಸ್ಟೋನಿಯಾದ ಬ್ಯಾಂಕ್ ಖಾತೆ ಸಿಗುತ್ತದೆ ಎಂಬುದು ಗಾಳಿಮಾತು. ಡಾನ್‌ಸ್ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯ ಮೂಲಕ 2007ರಿಂದ 2015ರ ನಡುವೆ ಸುಮಾರು 200 ಬಿಲಿಯನ್ ಯೂರೋ ಅನುಮಾನಾಸ್ಪದ ಹಣ ಹರಿದ ಹಗರಣದ ಮೇಲೆ ಅಲ್ಲಿನ ಬ್ಯಾಂಕುಗಳು ವಿದೇಶಿ ಮಾಲೀಕರ ಕಂಪನಿ ಅಂದರೆ ಬೆಚ್ಚಿಬೀಳುತ್ತವೆ. ಎಸ್ಟೋನಿಯಾದಲ್ಲಿ ಗ್ರಾಹಕರು, ನೌಕರರು, ಕಚೇರಿ ಹೀಗೆ ಏನಾದರೂ ನಂಟು ತೋರಿಸಿ ಅನ್ನುತ್ತವೆ. ಇಲ್ಲದವರು ವೈಸ್, ಪೇಯೋನಿಯರ್ ತರಹದ ಆನ್‌ಲೈನ್ ಪಾವತಿ ಸಂಸ್ಥೆಗಳ, ಅಂದರೆ ಫಿನ್‌ಟೆಕ್ ಕಡೆ ತಿರುಗುತ್ತಾರೆ. ಆಗ ಸಿಗುವ ಐಬಾನ್, ಅಂದರೆ ಅಂತರರಾಷ್ಟ್ರೀಯ ಖಾತೆ ಸಂಖ್ಯೆ, ಬೆಲ್ಜಿಯಂ ಅಥವಾ ಲಿಥುವೇನಿಯಾದ್ದಾಗಿರಬಹುದು. ಯೂರೋ ಪಾವತಿಯಲ್ಲಿ ದೇಶ ನೋಡಿ ಐಬಾನ್ ತಿರಸ್ಕರಿಸುವುದು ಐರೋಪ್ಯ ಒಕ್ಕೂಟದ ನಿಯಮಕ್ಕೆ ವಿರುದ್ಧ. ಆದರೂ ಕೆಲವು ಹಳೆಯ ಬಿಲ್ಲಿಂಗ್ ತಂತ್ರಾಂಶಗಳು ಮೂಗು ಮುರಿಯುತ್ತವೆ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದು: ಪಾವತಿ ಸಂಸ್ಥೆಯಲ್ಲಿಟ್ಟ ಹಣಕ್ಕೆ ಬ್ಯಾಂಕ್ ಠೇವಣಿಗಿರುವ 1 ಲಕ್ಷ ಯೂರೋವರೆಗಿನ ಖಾತರಿ ಅನ್ವಯಿಸುವುದಿಲ್ಲ. ಗ್ರಾಹಕರ ಹಣವನ್ನು ಬೇರೆಯಾಗಿ ಕಾಪಿಡಬೇಕೆಂಬ ನಿಯಮವಿದೆ, ಆದರೆ ಅದು ಖಾತರಿಯಲ್ಲ. ಒಂದೇ ಕಡೆ ಆರು ತಿಂಗಳ ಸಂಬಳದ ಹಣ ಇಡಬೇಡಿ.

ಫಿನ್‌ಟೆಕ್‌ನವರೂ ಕಣ್ಣುಮುಚ್ಚಿ ಖಾತೆ ಕೊಡುವುದಿಲ್ಲ. ನಡೆಯುತ್ತಿರುವ ವೆಬ್‌ಸೈಟ್, ಒಂದೆರಡು ಒಪ್ಪಂದ ಅಥವಾ ಇನ್‌ವಾಯ್ಸ್, ಬಂಡವಾಳದ ಮೂಲ, ಮಾಲೀಕರ ಮನೆ ವಿಳಾಸದ ದಾಖಲೆ ಕೇಳುತ್ತಾರೆ. ಮಾಲೀಕ ವಾಸವಿರುವ ದೇಶ ಅವರ ಪಟ್ಟಿಯಲ್ಲಿಲ್ಲದಿದ್ದರೆ ಮಾತೇ ಇಲ್ಲ. ಆದ್ದರಿಂದ ಕ್ರಮ ತಿರುಗಿಸಿ: 265 ಯೂರೋ ಕಟ್ಟುವ ಮೊದಲೇ ನಿಮ್ಮ ದೇಶ, ನಿಮ್ಮ ವ್ಯಾಪಾರ ಎರಡಕ್ಕೂ ಖಾತೆ ಕೊಡುವವರು ಯಾರೆಂದು ನೋಡಿ. ಖಾತೆ ಇಲ್ಲದ ಕಂಪನಿ ಎಂದರೆ ಚಕ್ರವಿಲ್ಲದ ಗಾಡಿ, ಸುಂಕ ಮಾತ್ರ ತಪ್ಪದು.

ತೆರಿಗೆಯ ಆಕರ್ಷಣೆ ಎಲ್ಲರಿಗೂ ಗೊತ್ತು: ಲಾಭ ಕಂಪನಿಯೊಳಗೇ ಇರುವವರೆಗೆ ತೆರಿಗೆ ಸೊನ್ನೆ. ಹೊರಗೆ ತೆಗೆದ ದಿನ ಕಟ್ಟಬೇಕು. 2025ರಿಂದ ದರ 22/78. ಅಂದರೆ 10,000 ಯೂರೋ ಲಾಭವನ್ನು ಪೂರ್ತಿ ಡಿವಿಡೆಂಡ್ ಆಗಿ ತೆಗೆದರೆ 2,200 ತೆರಿಗೆ, 7,800 ಕೈಗೆ. ದುಡ್ಡನ್ನು ಮತ್ತೆ ಉತ್ಪನ್ನಕ್ಕೇ ಸುರಿಯುವ ಸ್ಟಾರ್ಟಪ್‌ಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಸಿಗುವುದು ಕಷ್ಟ. ಆದರೆ 'ಹೊರಗೆ ತೆಗೆಯುವುದು' ಎಂಬ ಮಾತನ್ನು ಅಲ್ಲಿನ ತೆರಿಗೆ ಇಲಾಖೆ ವಿಶಾಲವಾಗಿ ಓದುತ್ತದೆ. ಕಂಪನಿ ಕಾರ್ಡಿನಲ್ಲಿ ಮನೆಮಂದಿಯ ಊಟಕ್ಕೆ 78 ಯೂರೋ ಉಜ್ಜಿದರೆ ಅದು ವ್ಯಾಪಾರಕ್ಕೆ ಸಂಬಂಧವಿಲ್ಲದ ಖರ್ಚು, ಮೇಲೆ 22 ಯೂರೋ ತೆರಿಗೆ. ಅದನ್ನು ಸವಲತ್ತು ಎಂದು ಪರಿಗಣಿಸಿದರೆ ಪಿಂಚಣಿ, ಆರೋಗ್ಯ ವಿಮೆಗೆಂದು ವಸೂಲಿ ಮಾಡುವ ಸಾಮಾಜಿಕ ತೆರಿಗೆಯೂ ಸೇರುತ್ತದೆ.

ಮಂಡಳಿ ಸದಸ್ಯರ ಸಂಭಾವನೆಯಲ್ಲಿ ಇನ್ನೂ ದೊಡ್ಡ ಹೊಂಡವಿದೆ. ಎಸ್ಟೋನಿಯಾದ ಹೊರಗೆ ಕೂತು ನೌಕರನಾಗಿ ದುಡಿದ ಸಂಬಳಕ್ಕೆ ಸಾಮಾನ್ಯವಾಗಿ ಅಲ್ಲಿ ತೆರಿಗೆ ಬೀಳುವುದಿಲ್ಲ. ಆದರೆ ಅದೇ ಹಣವನ್ನು 'ಮಂಡಳಿ ಸದಸ್ಯನ ಶುಲ್ಕ' ಎಂದು ತೋರಿಸಿದಿರೋ, ನೀವು ಎಲ್ಲೇ ಕೂತಿರಿ, ಅಲ್ಲಿನ ತೆರಿಗೆ ಖಚಿತ. 1,000 ಯೂರೋ ಶುಲ್ಕಕ್ಕೆ 220 ಆದಾಯ ತೆರಿಗೆ ಮುರಿದು 780 ಕೈಗೆ ಬರುತ್ತದೆ, ಕಂಪನಿ ಮೇಲಿಂದ ಶೇ. 33ರಂತೆ 330 ಸಾಮಾಜಿಕ ತೆರಿಗೆ ಕಟ್ಟುತ್ತದೆ. ಒಟ್ಟು ಖರ್ಚು 1,330. ಹಾಗೆಂದು ಇಡೀ ಮೊತ್ತವನ್ನು ಸಂಬಳ ಎಂದು ಕರೆದುಬಿಡುವುದೂ ನಡೆಯದು. ಕಂಪನಿ ನಡೆಸುವ ಕೆಲಸ ಯಾವುದು, ಕೋಡ್ ಬರೆಯುವ ಕೆಲಸ ಯಾವುದು ಎಂದು ಒಪ್ಪಂದದಲ್ಲಿ ಬೇರೆ ಬೇರೆಯಾಗಿ ಬರೆದಿರಬೇಕು. ಲೆಕ್ಕಪತ್ರದವರನ್ನು ಆರಿಸುವಾಗ ಈ ಪ್ರಶ್ನೆಯನ್ನೇ ಮೊದಲು ಕೇಳಿ. ತಡವರಿಸಿದರೆ ಬೇರೆಯವರನ್ನು ನೋಡಿ.

ವ್ಯಾಟ್‌ನಲ್ಲೂ ಇಂಥದ್ದೇ ಒಂದು ಗುಪ್ತ ಮೆಟ್ಟಿಲು. ವಹಿವಾಟು ವರ್ಷಕ್ಕೆ 40,000 ಯೂರೋ ದಾಟುವವರೆಗೆ ನೋಂದಣಿ ಬೇಡ ಎಂದು ಎಲ್ಲರೂ ಓದಿಕೊಂಡಿರುತ್ತಾರೆ. ಆದರೆ ಬೇರೆ ದೇಶದ ಕಂಪನಿಯಿಂದ ಸೇವೆ ಕೊಂಡರೆ, ಉದಾಹರಣೆಗೆ ಐರ್ಲೆಂಡಿನಿಂದ ಬಿಲ್ ಆಗುವ ಜಾಹೀರಾತು ಅಥವಾ ಕ್ಲೌಡ್ ಸೇವೆ ಕೊಂಡರೆ, ಮೊದಲ ಬಿಲ್ಲಿನಿಂದಲೇ 'ಸೀಮಿತ' ವ್ಯಾಟ್ ನೋಂದಣಿ ಕಡ್ಡಾಯ. ಆ ಬಿಲ್ಲಿನ ಮೇಲೆ ಎಸ್ಟೋನಿಯಾದ ದರದಲ್ಲಿ, 2025ರ ಜುಲೈಯಿಂದ ಅದು ಶೇ. 24, ನೀವೇ ಲೆಕ್ಕ ಹಾಕಿ ಕಟ್ಟಬೇಕು, ವಾಪಸ್ ಪಡೆಯುವಂತಿಲ್ಲ. ಇದನ್ನು ತಪ್ಪಿಸಲು ಪೂರ್ಣ ನೋಂದಣಿಗೆ ಸ್ವಇಚ್ಛೆಯಿಂದ ಅರ್ಜಿ ಹಾಕಬಹುದು, ಆಗ ನಿಜವಾದ ವ್ಯಾಪಾರ ಇದೆಯೆಂದು ಇಲಾಖೆಗೆ ಮನವರಿಕೆ ಮಾಡಬೇಕು. ನೋಂದಣಿಯಾದ ಮೇಲೆ ಪ್ರತಿ ತಿಂಗಳ 20ರೊಳಗೆ ವ್ಯಾಟ್ ಪತ್ರ, ಸಂಬಳ ಅಥವಾ ಡಿವಿಡೆಂಡ್ ಕೊಟ್ಟ ತಿಂಗಳಿನ ತೆರಿಗೆ ಪತ್ರ ಮುಂದಿನ ತಿಂಗಳ 10ರೊಳಗೆ.

ವ್ಯಾಪಾರ ನಡೆಯಲಿ ಬಿಡಲಿ, ವಾರ್ಷಿಕ ವರದಿ ತಪ್ಪುವಂತಿಲ್ಲ. ಕ್ಯಾಲೆಂಡರ್ ವರ್ಷದ ಕಂಪನಿಗೆ ಗಡುವು ಜೂನ್ 30, ಭಾಷೆ ಎಸ್ಟೋನಿಯನ್. ಒಂದು ರೂಪಾಯಿ ವಹಿವಾಟಿಲ್ಲ ಎಂದು ಸುಮ್ಮನಿದ್ದವರಿಗೆ ಮೊದಲು ಎಚ್ಚರಿಕೆ, ಆಮೇಲೆ ದಂಡ, ಕೊನೆಗೆ ರಿಜಿಸ್ಟರ್‌ನಿಂದ ಹೆಸರು ಕಿತ್ತುಹಾಕುತ್ತಾರೆ. ವರದಿ ತಡವಾದದ್ದು, ತೆರಿಗೆ ಬಾಕಿ ಇರುವುದು ಎರಡೂ ಬಹಿರಂಗ. ಎಸ್ಟೋನಿಯಾದ ಗ್ರಾಹಕರು ಒಪ್ಪಂದಕ್ಕೆ ಮೊದಲು ನೋಡುವುದೇ ಅದನ್ನು.

ಈ ಸೇವೆಯ ಬಗ್ಗೆ ಬರುವ ಬಹುಪಾಲು ದೂರುಗಳಿಗೆ ಎಸ್ಟೋನಿಯಾ ಹೊಣೆಯಲ್ಲ. ಕಂಪನಿ ಅಲ್ಲಿ ನೋಂದಣಿಯಾಗಿದ್ದರೂ ಎಲ್ಲ ನಿರ್ಧಾರ ನಿಮ್ಮ ಮನೆಯ ಮೇಜಿನ ಮೇಲೆ ಆಗುತ್ತಿದ್ದರೆ, ನೀವಿರುವ ದೇಶ 'ಈ ಕಂಪನಿಯ ಆಡಳಿತ ನಮ್ಮಲ್ಲಿದೆ' ಎಂದು ತನ್ನ ಕಂಪನಿ ತೆರಿಗೆ ಕೇಳಬಹುದು. ಆಗ ಆ ಸೊನ್ನೆ ತೆರಿಗೆ ಕಾಗದದ ಮೇಲೆ ಉಳಿಯುತ್ತದೆ. ಡಿವಿಡೆಂಡ್ ಬಂದಾಗ ವೈಯಕ್ತಿಕ ತೆರಿಗೆ ಇದ್ದೇ ಇದೆ. ವಿದೇಶಿ ಕಂಪನಿಯಲ್ಲಿ ಹಣ ಹೂಡುವುದಕ್ಕೇ ಅನುಮತಿ ಅಥವಾ ವರದಿ ಕೇಳುವ ದೇಶಗಳೂ ಇವೆ. ಎರಡೂ ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದ ಇದೆಯೇ, ಅದರಲ್ಲಿ ಆಡಳಿತದ ಸ್ಥಳದ ಬಗ್ಗೆ ಏನಿದೆ ಎಂದು ತಿಳಿದವರಿಂದ ಮೊದಲೇ ಓದಿಸಿ. ಆ ಒಂದು ಗಂಟೆಯ ಶುಲ್ಕ ಮುಂದಿನ ಮೂರು ವರ್ಷದ ತಲೆನೋವಿಗಿಂತ ಅಗ್ಗ.

ಬೇರೆ ಕಡೆಗೆ ಹೋಲಿಸಿದರೆ? ಅಮೆರಿಕದ ವೆಂಚರ್ ಕ್ಯಾಪಿಟಲ್ ಹಣವೇ ಗುರಿ ಎಂದಾದರೆ ಎಸ್ಟೋನಿಯಾ ಬೇಡ, ಅಲ್ಲಿನ ಡೆಲವೇರ್ ರಾಜ್ಯದ ಕಂಪನಿಗೆ, ಅಂದರೆ ಸಿ-ಕಾರ್ಪ್‌ಗೇ ಹೋಗಿ. ಸ್ಟ್ರೈಪ್ ಅಟ್ಲಾಸ್ ತರಹದ ಸೇವೆ 500 ಡಾಲರಿಗೆ ಅದನ್ನು ಮಾಡಿಕೊಡುತ್ತದೆ, ಯಾವ ರಾಯಭಾರ ಕಚೇರಿಗೂ ಹೋಗಬೇಕಿಲ್ಲ. ಆದರೆ ಅಲ್ಲಿನ ಹೊಂಡಗಳು ಆಳ. ಒಂದು ಕೋಟಿ ಷೇರುಗಳ ಕಂಪನಿಗೆ ಫ್ರಾಂಚೈಸ್ ತೆರಿಗೆಯ (ಆ ರಾಜ್ಯ ಕಂಪನಿಗಳಿಂದ ವರ್ಷಕ್ಕೊಮ್ಮೆ ವಸೂಲಿ ಮಾಡುವುದು) ಮೊದಲ ಲೆಕ್ಕ 85,165 ಡಾಲರ್ ಎಂದು ಬಂದು ಎದೆ ಧಸಕ್ಕೆನ್ನುತ್ತದೆ; ಲೆಕ್ಕದ ಇನ್ನೊಂದು ವಿಧಾನ ಆರಿಸಿದರೆ ಹೊಸ ಕಂಪನಿಗೆ ಅದು ಸಾಮಾನ್ಯವಾಗಿ 400ಕ್ಕೆ ಇಳಿಯುತ್ತದೆ, ಮೇಲೆ ವರದಿ ಶುಲ್ಕ 50. ಗಡುವು ಮಾರ್ಚ್ 1. ವಿದೇಶಿ ಮಾಲೀಕರಿರುವ ಕಂಪನಿ ತುಂಬಬೇಕಾದ ತೆರಿಗೆ ಇಲಾಖೆಯ ಫಾರ್ಮ್ 5472 ಮರೆತರೆ ದಂಡ 25,000 ಡಾಲರ್‌ನಿಂದ ಶುರು. ಸಿಂಗಪುರ ಗಟ್ಟಿ ಹೆಸರು, ನೋಂದಣಿಗೆ 315 ಸಿಂಗಪುರ ಡಾಲರ್ ಅಷ್ಟೇ, ಆದರೆ ಅಲ್ಲೇ ವಾಸವಿರುವ ಒಬ್ಬ ನಿರ್ದೇಶಕ ಕಡ್ಡಾಯ. ಬಾಡಿಗೆಗೆ ನಿರ್ದೇಶಕರನ್ನು ತಂದರೆ ವರ್ಷದ ಖರ್ಚು ಎಸ್ಟೋನಿಯಾವನ್ನು ಎಲ್ಲೋ ಹಿಂದೆ ಬಿಡುತ್ತದೆ.

ಯುರೋಪಿನ ಗ್ರಾಹಕರಿಗೆ ಸಾಫ್ಟ್‌ವೇರ್ ಅಥವಾ ಸೇವೆ ಮಾರುವ ಒಂದಿಬ್ಬರ ಕಂಪನಿಗೆ, ಲಾಭವನ್ನು ಒಳಗೇ ಬೆಳೆಸುವವರಿಗೆ ಇದು ಹೇಳಿಮಾಡಿಸಿದ್ದು. ಸಂಪರ್ಕ ವ್ಯಕ್ತಿ, ಲೆಕ್ಕಪತ್ರ ಎಲ್ಲ ಸೇರಿ ವರ್ಷಕ್ಕೆ ಸಾವಿರ ಯೂರೋ ಮೇಲೆಯೇ ಹೋಗುತ್ತದೆ, ವ್ಯಾಟ್ ನೋಂದಣಿ ಇದ್ದರೆ ಇನ್ನೂ ಹೆಚ್ಚು. ಆದಾಯ ಅದರ ಹತ್ತು ಪಟ್ಟಾದರೂ ಕಾಣುವವರೆಗೆ ಆತುರ ಬೇಡ. ಸರಕು ದಾಸ್ತಾನು ಇಡುವ ವ್ಯಾಪಾರಕ್ಕೆ, ತೆರಿಗೆ ಉಳಿಸುವುದೊಂದೇ ಉದ್ದೇಶವಿರುವವರಿಗೆ ಇದು ಆಗಿಬರುವುದಿಲ್ಲ.

ಕಾರ್ಡಿನ ಆಯುಷ್ಯ ಐದು ವರ್ಷ. ತಾನಾಗಿ ನವೀಕರಣವಾಗುವುದಿಲ್ಲ, ಮತ್ತೆ ಅರ್ಜಿ, ಮತ್ತೆ ಶುಲ್ಕ, ಮತ್ತೆ ಕೌಂಟರ್. ಮೂರು ತಿಂಗಳು ಮೊದಲೇ ಹಾಕದಿದ್ದರೆ ಜೂನ್ ಕೊನೆಗೆ ವರದಿ ಸಿದ್ಧವಿದ್ದರೂ ಸಹಿ ಹಾಕಲಾಗದೆ ನಿಮ್ಮದೇ ಕಂಪನಿಯ ಬಾಗಿಲಲ್ಲಿ ನಿಂತಿರುತ್ತೀರಿ. ಮುಚ್ಚುವ ಯೋಚನೆ ಬಂದವರೂ ದಿನಾಂಕ ನೋಡಿಕೊಳ್ಳಿ. ಕಂಪನಿಯಿಂದ ಹಣ ಬರಬೇಕಾದವರಿಗೆ ಪ್ರಕಟಣೆ, ಕಾಯುವ ಅವಧಿ, ಅಂತಿಮ ಲೆಕ್ಕ ಎಂದು ಸಮಾಪನೆ ತಿಂಗಳುಗಟ್ಟಲೆ ಎಳೆಯುತ್ತದೆ, ಅದರ ಕೊನೆಯ ಅರ್ಜಿಗೂ ಬೇಕಾಗುವುದು ಅದೇ ಕಾರ್ಡ್, ಅದೇ ಪಿನ್ 2.